ಚಾರುವಿನ ದುರ್ಬೀನು
ರವೀಂದ್ರನಾಥ ಠಾಕೂರರ ನೀಳ್ಗತೆ ‘ನಷ್ಟನೀಡ’ವನ್ನು ಸತ್ಯಜಿತ್ ರೇ 1964ರಲ್ಲಿ ‘ಚಾರುಲತಾ’ ಎಂಬ ಚಿತ್ರವಾಗಿಸಿದರು. ಒಂಟಿತನವನ್ನು ಹೆಚ್ಚು ಮಾತಿಲ್ಲದೆ ತೋರಿಸಿದ ಅದರ ಮೊದಲ ದೃಶ್ಯಕ್ಕೆ ನಾನು ಇಂದಿಗೂ ಬೆರಗಾಗುತ್ತೇನೆ. ಕಸೂತಿ ಮುಗಿಸಿದ ಕಥಾನಾಯಕಿ ಚಾರು ಪುಟ್ಟ ದುರ್ಬೀನು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡುತ್ತಾ ಬೀದಿಯ ಜನರನ್ನು ನೋಡುತ್ತಾಳೆ. ಪಕ್ಕದಲ್ಲೇ ಹಾದುಹೋದ ಗಂಡ ಭೂಪತಿಯನ್ನೂ ಅದರಲ್ಲೇ ನೋಡುತ್ತಾಳೆ. ಆ ದಾಂಪತ್ಯದ ದೂರ ಅಷ್ಟರಲ್ಲೇ ತಿಳಿದುಬಿಡುತ್ತದೆ.

ಕಥೆಯ ಕೊನೆಗೆ ಭೂಪತಿ ಪತ್ರಿಕೆಯ ಕೆಲಸಕ್ಕೆಂದು ನಮ್ಮ ಮೈಸೂರಿಗೆ ಹೊರಡುತ್ತಾನೆ. ರೇ ಆ ಪ್ರಯಾಣವನ್ನು ಕೈಬಿಟ್ಟರು. ಚಾಚಿದರೂ ಸೇರದ ಗಂಡಹೆಂಡಿರ ಎರಡು ಕೈಗಳ ಮೇಲೆ ಚಿತ್ರವನ್ನು ಸ್ತಬ್ಧಗೊಳಿಸಿದರು. ಘಟನೆ ಬದಲಾಯಿತು, ನೋವು ಹಾಗೇ ಉಳಿಯಿತು. ಕೃತಿಗೆ ನಿಷ್ಠೆಯೆಂದರೆ ಇದೇ. ಮೊದಲು ಕಥೆ ಓದಿ, ಆಮೇಲೆ ಚಿತ್ರ ನೋಡಿ.