ಮಕ್ಕಳ ಕವಿಯೂ ಸಭಾಮಂಟಪವೂ

ಸಂಸ್ಕೃತ ಶಾಸ್ತ್ರಗ್ರಂಥಗಳಲ್ಲಿ ‘ಬಾಲ’ ಶಬ್ದಕ್ಕೆ ವಯಸ್ಸಿನ ನಿಯಮವಿಲ್ಲ. ಅನ್ನಂಭಟ್ಟನು ತನ್ನ ತರ್ಕಸಂಗ್ರಹವನ್ನು ಬಾಲರಿಗೆ ಸುಲಭವಾಗಿ ತಿಳಿಯಲೆಂದು ರಚಿಸಿದುದಾಗಿ ಹೇಳುತ್ತಾನೆ. ಟೀಕಾಕಾರರಾದರೋ ಕಾವ್ಯ, ಕೋಶ, ವ್ಯಾಕರಣಗಳನ್ನೆಲ್ಲ ಓದಿ ನ್ಯಾಯಶಾಸ್ತ್ರವೊಂದನ್ನು ಮಾತ್ರ ಓದದವನೇ ಇಲ್ಲಿ ಬಾಲನೆಂದು ಅರ್ಥಮಾಡುತ್ತಾರೆ. ಅಂಥ ಬಾಲನಿಗೆ ಗಡ್ಡಮೀಸೆಗಳಿದ್ದರೂ ಬಾಧಕವಿಲ್ಲ. ಪಂಚತಂತ್ರದ ವಿಷ್ಣುಶರ್ಮನು ರಾಜಕುಮಾರರಿಗೆ ಕಥೆ ಹೇಳಿದನೆಂಬುದು ಪ್ರಸಿದ್ಧ. ಆದರೆ ಹನ್ನೊಂದನೆಯ ಶತಮಾನದಲ್ಲಿ ಆ ಕಥೆಗಳನ್ನು ಕನ್ನಡಕ್ಕೆ ತಂದ ದುರ್ಗಸಿಂಹನ ಚಂಪುವನ್ನು ಆಸ್ವಾದಿಸಬಲ್ಲವರು ಪಂಡಿತರೇ ಹೊರತು ಮಕ್ಕಳಲ್ಲ. ಹೀಗೆ ಮಕ್ಕಳ ಹೆಸರಿನಲ್ಲಿ ಎಲೆ ಹಾಕಿ ದೊಡ್ಡವರಿಗೆ ಬಡಿಸುವ ಸಂಪ್ರದಾಯವು ನಮ್ಮಲ್ಲಿ ಬಹಳ ಹಳೆಯದು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುತ್ತಿರುವ ನಿಜವಾದ ಮಗುವನ್ನೇ ಶ್ರೋತೃವೆಂದು ಎಣಿಸಿ, ಅದರ ಮುಂದೆ ಕೈಕಟ್ಟಿ ನಿಂತ ಕನ್ನಡ ಕವಿಗಳಲ್ಲಿ ಪಂಜೆ ಮಂಗೇಶರಾಯರು ಅಗ್ರಗಣ್ಯರು.

ಬಂಟವಾಳದಲ್ಲಿ 1874ರಲ್ಲಿ ಜನಿಸಿ 1937ರಲ್ಲಿ ಕಾಲವಾದ ಪಂಜೆಯವರ ಬಾಳೆಲ್ಲವೂ ಶಾಲೆಯ ಸುತ್ತಲೇ ಸುತ್ತಿತು. ಕನ್ನಡ ಪಂಡಿತರಾಗಿ, ಶಾಲೆಗಳ ಇನ್‌ಸ್ಪೆಕ್ಟರಾಗಿ, ಮುಖ್ಯೋಪಾಧ್ಯಾಯರಾಗಿ ಅವರು ದಕ್ಷಿಣಕನ್ನಡದಲ್ಲಿಯೂ ಕೊಡಗಿನಲ್ಲಿಯೂ ದುಡಿದರು. ಇನ್‌ಸ್ಪೆಕ್ಟರ ಬರವೆಂದರೆ ಉಪಾಧ್ಯಾಯನಿಗೆ ಎದೆನಡುಕ. ಆದರೆ ಈ ಇನ್‌ಸ್ಪೆಕ್ಟರಿಗೆ ಹಳ್ಳಿಯ ಒಂದೊಂದು ಶಾಲೆಯೂ ತಮ್ಮ ಕವಿತೆಗೆ ಒಂದೊಂದು ಒರೆಗಲ್ಲಾಯಿತು. ‘ಕವಿಶಿಷ್ಯ’ನೆಂದು ಕಾವ್ಯನಾಮವನ್ನು ಇಟ್ಟುಕೊಂಡವರು ಮಕ್ಕಳಿಗೂ ಶಿಷ್ಯರಾಗಲು ಹಿಂಜರಿಯಲಿಲ್ಲ. ಅವರ ಹಾಡುಗಳು ಪಠ್ಯಪುಸ್ತಕಗಳ ಮೂಲಕ ತರಗತಿಯನ್ನು ಹೊಕ್ಕು, ಅಲ್ಲಿಂದ ಅಂಗಳಕ್ಕೆ ಇಳಿದು, ಬರೆದವರ ಹೆಸರನ್ನು ಅರಿಯದ ಮನೆಗಳಲ್ಲಿಯೂ ನೆಲಸಿದುವು.

ಈ ಯಶಸ್ಸಿಗೆ ಕಾರಣವೇನೆಂಬುದನ್ನು ಅವರ ಹಾವಿನ ಹಾಡಿನಲ್ಲಿ ಪರೀಕ್ಷಿಸಬಹುದು. ನಡೆಯು ನಾಲ್ಕು ಮಾತ್ರೆಯ ಗಣಗಳದು. ಕೈತಟ್ಟಿ ಹೇಳುವ ಮಗುವಿಗೆ ಎಲ್ಲಿಯೂ ಎಡವುವುದಿಲ್ಲ. ಪ್ರತಿಯೊಂದು ಪದ್ಯದ ಕೊನೆಯಲ್ಲಿ ಒಂದೇ ಅಕ್ಷರದ ಮಾತು ಮತ್ತೆ ಮತ್ತೆ ಮರಳುತ್ತದೆ. ಮೊದಲು ಮಗು ಹಾವನ್ನು ಹಾಲೆರೆಯುವೆನೆಂದು ಕರೆಯುತ್ತದೆ. ಆಮೇಲೆ ಹೆಡೆ ಬಿಚ್ಚೆಂದು ಬೇಡುತ್ತದೆ. ತಲೆಯಲ್ಲಿ ರತ್ನವಿರುವುದು ನಿಜವೇ ಎಂದು ವಿಚಾರಿಸಿ ಹೊನ್ನನ್ನು ಕೇಳುತ್ತದೆ. ಕೊನೆಗೆ ಅದರ ಹಗೆಯನ್ನು ನೆನೆದು, ನಮಸ್ಕಾರಪೂರ್ವಕವಾಗಿಯೇ ಹೊರಕ್ಕೆ ಕಳುಹಿಸುತ್ತದೆ. ಭಕ್ತಿ, ಕುತೂಹಲ, ಆಸೆ, ಭಯ ಎಂಬ ನಾಲ್ಕು ಭಾವಗಳು ನಾಲ್ಕು ಹೆಜ್ಜೆಗಳಲ್ಲಿ ಮುಗಿದುವು. ನಾಗಾರಾಧನೆಯು ಮನೆಮನೆಯ ಆಚಾರವಾಗಿರುವ ತುಳುನಾಡಿನಲ್ಲಿ ಹಾವಿನ ವಿಷಯವಾಗಿ ಹಿರಿಯರಿಗೂ ಇರುವುದು ಇದೇ ಭಾವಸಂಕರ. ಕವಿಯು ಇಲ್ಲಿ ನೀತಿಯನ್ನು ಹೇಳಲಿಲ್ಲ. ಹಾವಿನಿಂದ ದೂರವಿರಬೇಕೆಂಬ ಉಪದೇಶವನ್ನು ಬಾಲಕನೇ ತನ್ನ ಬಾಯಿಂದ ಆಡಿಬಿಟ್ಟನು. ಉಪದೇಶವು ಕಾಂತಾಸಂಮಿತವಾಗಿರಬೇಕೆಂದು ಆಲಂಕಾರಿಕರು ವಿಧಿಸಿದರು. ಪಂಜೆಯವರು ಅದನ್ನು ಬಾಲಸಂಮಿತವಾಗಿಯೂ ಮಾಡಬಹುದೆಂದು ತೋರಿಸಿದರು.

ತೆಂಕಣ ಗಾಳಿಯ ಪದ್ಯದಲ್ಲಿ ದ್ವಿತ್ವಾಕ್ಷರಗಳ ಮೊರೆತದಿಂದಲೇ ಕಡಲು ಉಕ್ಕುತ್ತದೆ. ಅರ್ಥ ತಿಳಿಯುವುದಕ್ಕೆ ಮೊದಲೇ ಕಿವಿಗೆ ಗಾಳಿ ಬಡಿಯುತ್ತದೆ. ಇದೇ ನಾದಶಕ್ತಿಯು ಹುತ್ತರಿಯ ಹಾಡಿನಲ್ಲಿ ಇನ್ನೊಂದು ಕಾರ್ಯವನ್ನು ಸಾಧಿಸಿತು. ಹುತ್ತರಿಯು ಹೊಸ ಕದಿರನ್ನು ಮನೆಗೆ ತರುವ ಕೊಡಗಿನ ಸುಗ್ಗಿಹಬ್ಬ. ಹೊರನಾಡಿನಿಂದ ಬಂದ ಕನ್ನಡದ ಉಪಾಧ್ಯಾಯರೊಬ್ಬರು ಆ ಹಬ್ಬದ ಹೆಸರಿನಲ್ಲಿ ಕಟ್ಟಿದ ಹಾಡನ್ನು ಕೊಡಗಿನವರು ತಮ್ಮ ನಾಡಿನ ಹಾಡೆಂದು ಸ್ವೀಕರಿಸಿದರು. ಮಕ್ಕಳಿಗಾಗಿ ಪಳಗಿದ ಕಂಠವು ಸಮುದಾಯದ ಕಂಠವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ಸಭಾಮಂಟಪದ ಮಾತು. ಕನ್ನಡ ಸಾಹಿತ್ಯ ಸಮ್ಮೇಳನವು ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ 1915ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. 1934ರಲ್ಲಿ ರಾಯಚೂರಿನಲ್ಲಿ ಕೂಡಿದ ಸಮ್ಮೇಳನಕ್ಕೆ ಪಂಜೆಯವರು ಅಧ್ಯಕ್ಷರಾದರು. ಆಗ ರಾಯಚೂರು ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಆಡಳಿತದ ಭಾಷೆ ಉರ್ದು; ಮೇಲಿನ ತರಗತಿಗಳ ಶಿಕ್ಷಣಭಾಷೆಯೂ ಉರ್ದು; 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಭಾಷೆಯೂ ಅದೇ. ಮನೆಯ ಮಾತು ಶಾಲೆಯ ಮಾತಾಗದಿದ್ದ ಮಕ್ಕಳ ಸೀಮೆಯಲ್ಲಿ ಮಕ್ಕಳ ಕವಿಯು ಅಧ್ಯಕ್ಷಪೀಠವನ್ನು ಏರಿದುದನ್ನು ಬರಿಯ ಉಪಚಾರವೆಂದು ತಳ್ಳಿಬಿಡಲಾಗದು. ಭಾಷೆಯ ಅಳಿವು ಉಳಿವುಗಳು ಪಂಡಿತರ ವಾದದಲ್ಲಿಲ್ಲ, ಆರು ವರ್ಷದ ಮಗುವಿನ ನಾಲಗೆಯಲ್ಲಿವೆ ಎಂಬ ಸತ್ಯವು ಆ ಪೀಠದಿಂದ ತಾನಾಗಿ ಧ್ವನಿತವಾಯಿತು.

ಆದರೂ ವಿಮರ್ಶಕನು ಲಾಭದೊಡನೆ ನಷ್ಟವನ್ನೂ ಎಣಿಸಬೇಕು. ಸಭೆ, ಮಂಡಲ, ಪಠ್ಯಪುಸ್ತಕ, ಉದ್ಯೋಗ ಇವುಗಳ ನಡುವೆ ಪಂಜೆಯವರ ಬರೆಹವು ಚೆದರಿಹೋಯಿತು. ಅವರ ಕೃತಿಗಳು ಒಟ್ಟಾಗಿ ಸಂಪುಟರೂಪವನ್ನು ಪಡೆದುದು ಅವರ ಮರಣಾನಂತರ. ತುಳುವ ಪಾಡ್ದನಗಳ ವೀರರನ್ನು ಗದ್ಯಕ್ಕೆ ತಂದ ‘ಕೋಟಿ ಚೆನ್ನಯ’ದಂತಹ ಕೃತಿಯನ್ನು ಬರೆದ ಲೇಖನಿಯಿಂದ ಇನ್ನೂ ಕೆಲವು ಬರಬಹುದಾಗಿತ್ತು. ಅವರ ಕೆಲವು ರಚನೆಗಳಿಗೆ ಇಂಗ್ಲಿಷ್ ಮೂಲಗಳಿರುವುದೂ ಉಂಟು; ಎಲ್ಲವೂ ಹಾವಿನ ಹಾಡಿನ ಎತ್ತರಕ್ಕೆ ಏರಿಲ್ಲ. ಆದರೆ ಮಕ್ಕಳ ಕೂಟದಿಂದ ಅವರನ್ನು ಬಿಡಿಸಿ ಕೋಣೆಯಲ್ಲಿ ಕುಳ್ಳಿರಿಸಿದ್ದರೆ ಆ ಹಾವಿನ ಹಾಡಾದರೂ ಹುಟ್ಟುತ್ತಿತ್ತೇ ಎಂಬುದು ಸಂದೇಹ.

ಪಂಜೆಯವರ ತರುವಾಯ ಈ ದಾರಿಯಲ್ಲಿ ನಡೆದವರು ಜಿ. ಪಿ. ರಾಜರತ್ನಂ. ‘ತುತ್ತೂರಿ’ಯನ್ನು ಮಕ್ಕಳ ಕೈಗೆ ಕೊಟ್ಟವರೇ ಕುಡುಕ ರತ್ನನ ಪದಗಳನ್ನೂ ಹಾಡಿದರು, ಕಾಲೇಜುಗಳ ಕನ್ನಡ ಸಂಘಗಳಲ್ಲಿ ದುಡಿದು ತರುಣರಿಂದ ಬರೆಯಿಸಿದರು. 1978ರಲ್ಲಿ ದೆಹಲಿಯಲ್ಲಿ ನಡೆದ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು, ಮರುವರ್ಷವೇ ತೀರಿಕೊಂಡರು. ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಆಡಿಸಿ, ‘ಬಾಲಪ್ರಪಂಚ’ವನ್ನು ಬರೆದ ಶಿವರಾಮ ಕಾರಂತರಿಗೆ 1955ರಲ್ಲಿ ಮೈಸೂರಿನಲ್ಲಿ ಆ ಗೌರವ ಸಂದಿತ್ತು. ಆದರೆ ಕಾರಂತರನ್ನು ಪೀಠಕ್ಕೆ ಏರಿಸಿದುದು ಮುಖ್ಯವಾಗಿ ಅವರ ಕಾದಂಬರಿಗಳು. 2024ರಲ್ಲಿ ಮಂಡ್ಯದಲ್ಲಿ 87ನೆಯ ಸಮ್ಮೇಳನವು ನಡೆದಿದೆ. ಇಷ್ಟು ಅಧ್ಯಕ್ಷರ ಸಾಲಿನಲ್ಲಿ ಮಕ್ಕಳ ಕವಿಯೆಂದೊಡನೆ ಜನದ ನಾಲಗೆಗೆ ಬರುವ ಹೆಸರುಗಳು ಬೆರಳೆಣಿಕೆಯನ್ನು ಮೀರವು. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಬಾಲಸಾಹಿತ್ಯಕ್ಕೆ ಬೇರೆಯೇ ಪುರಸ್ಕಾರವನ್ನು ಕೊಡುತ್ತಿರುವುದು ಸಂತೋಷದ ವಿಷಯ. ಆದರೆ ಬೇರೆ ಪಂಕ್ತಿ ಹಾಕಿದ ಮೇಲೆ ದೊಡ್ಡ ಪಂಕ್ತಿಯಲ್ಲಿ ಇವರಿಗೆ ಎಲೆಯಿಲ್ಲವೆಂದು ಹೇಳುವುದು ಸುಲಭವಾಗುತ್ತದೆಂಬುದನ್ನೂ ಮರೆಯಬಾರದು.

ಇಂದು ಜಿಲ್ಲೆ ತಾಲ್ಲೂಕುಗಳ ಸಮ್ಮೇಳನಗಳಲ್ಲಿ ಮಕ್ಕಳ ಗೋಷ್ಠಿಗೆ ಕೊರತೆಯಿಲ್ಲ. ಕೊರತೆ ಇರುವುದು ಮಕ್ಕಳಿಗೆ. ಹಿರಿಯರು ಬರೆದುಕೊಟ್ಟ ಭಾಷಣವನ್ನು ಬಾಲಕನು ಉರುಹೊಡೆದು ಒಪ್ಪಿಸುತ್ತಾನೆ. ಹಿರಿಯನಂತೆ ಕೈಯೆತ್ತಿ ಮಾತಾಡಿದವನಿಗೆ ಬಹುಮಾನ. ಕವಿಯಾದವನು ಮುಂದಿನ ಸಾಲಿನ ಗಣ್ಯರ ತಲೆದೂಗನ್ನು ನೋಡಿ ನೀತಿಯ ಕೊನೆಯೊಂದನ್ನು ಪದ್ಯಕ್ಕೆ ಹೊಲಿಯುತ್ತಾನೆ. ಇಲ್ಲಿ ‘ಬಾಲ’ ಶಬ್ದವು ಮತ್ತೆ ಟೀಕಾಕಾರರ ಬಾಲನಾಯಿತು. ಇದಕ್ಕೆ ಮದ್ದು ದುರ್ಲಭವಲ್ಲ. ಗೋಷ್ಠಿಯಲ್ಲಿ ಕವಿಯು ಹೊಸ ಪದ್ಯವನ್ನು ಮೊದಲು ಮಕ್ಕಳಿಗೆ ಓದಲಿ, ಅವರು ಎಲ್ಲಿ ನಕ್ಕರು, ಎಲ್ಲಿ ಆಕಳಿಸಿದರು, ಯಾವ ಸಾಲನ್ನು ಕೇಳಿದೊಡನೆ ಮರಳಿ ಹೇಳಿದರು ಎಂಬುದನ್ನು ಗಮನಿಸಲಿ, ತಪ್ಪಿದುದನ್ನು ತಿದ್ದಲಿ. ಹಾರತುರಾಯಿಗಳು ಆಮೇಲಾಗಲಿ.

ಮಗುವು ಮುಖಸ್ತುತಿಯನ್ನು ಅರಿಯದು; ಬೇಸರವಾದರೆ ಎದ್ದುಹೋಗುತ್ತದೆ. ಸಭಾಮಂಟಪದಲ್ಲಿ ಇಷ್ಟು ನಿಷ್ಪಕ್ಷಪಾತಿಯಾದ ಸಹೃದಯನು ಬೇರೊಬ್ಬನು ಸಿಕ್ಕುವುದಿಲ್ಲ. ಆ ಸಹೃದಯನನ್ನು ಹಿಂದಿನ ಸಾಲಿನಿಂದ ಮುಂದಕ್ಕೆ ಕರೆದು ಕುಳ್ಳಿರಿಸುವ ಹೊಣೆ ಸಾಹಿತ್ಯ ಸಂಘಗಳದು.