ಚೌಕಕ್ಕೆ ಒಗ್ಗದ ಗೆರೆ

ದುರ್ಗಾಬಾಯಿ ವ್ಯಾಮ್ ಚಿತ್ರಗಳನ್ನು ‘ಬುಡಕಟ್ಟಿನ ಸೊಗಸು’ ಅಂತ ಹೊಗಳಿ ಬದಿಗಿಡೋದು ಸುಲಭ. 2022ರಲ್ಲಿ ಪದ್ಮಶ್ರೀಯೂ ಬಂತು. ಆದರೆ ಆಕೆ ಮಾಡಿದ್ದು ವಿಮರ್ಶೆ. ಪರ್ಧಾನ್ ಗೋಂಡರ ಮನೆಗೋಡೆಯ ದಿಗ್ನಾ ರೇಖೆಯಲ್ಲಿ ಪಳಗಿದ ಕೈ ಅದು. ಅಂಬೇಡ್ಕರರ ಬದುಕಿನ ಚಿತ್ರಕಥೆ ‘ಭೀಮಾಯಣ’ಕ್ಕೆ (2011) ಚಿತ್ರ ಬರೆಯುವಾಗ ಆಕೆ, ಗಂಡ ಸುಭಾಷ್ ಇಬ್ಬರೂ ಮನುಷ್ಯರನ್ನು ಚೌಕದೊಳಗೆ ಕೂಡಿಹಾಕಲು ಒಪ್ಪಲಿಲ್ಲ, ದಿಗ್ನಾವನ್ನೇ ಪುಟದ ತುಂಬ ಹರಿಸಿದರು. ಊರು-ಕೇರಿ ಅಂತ ಗೆರೆ ಎಳೆಸಿಕೊಂಡ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕೆ?

ಬಾಯಾರಿದ ಬಾಲಕ ಭೀಮನ ಮೈ ಮೀನಾಗುತ್ತದೆ. ನೊಂದವರ ಮಾತಿಗೆ ಹಕ್ಕಿಯ ಆಕಾರ, ಜಾತಿವಾದಿಗಳ ಮಾತಿಗೆ ಚೇಳಿನ ಕೊಂಡಿ. ನನ್ನ ತಕರಾರು ಇಲ್ಲೇ. ಇವತ್ತು ಜಾತಿ ಹಕ್ಕಿಯ ಹಾಗೇ ಇಂಪಾಗಿ ಮಾತಾಡ್ತದೆ. ಆ ರೆಕ್ಕೆಯಡಿ ಅಡಗಿದ ಕೊಂಡಿಯನ್ನು ಬರೆಯೋರು ಯಾರು?