ಗಡಿಸೀಮೆಯ ಕಿರುತೆರೆ ಮತ್ತು ಸಾಹಸಚಿತ್ರಗಳ ಭಾಷೆ: ನಗರಗೆರೆ ಪರಿಸರವನ್ನು ಅನುಲಕ್ಷಿಸಿ

ಕನ್ನಡದಲ್ಲಿ ಸಾಹಸಪ್ರಧಾನ ಮತ್ತು ಪತ್ತೇದಾರಿ ಚಿತ್ರಗಳಿಗೆ ದೀರ್ಘವಾದ ಪರಂಪರೆಯಿದೆ. ದೊರೈ-ಭಗವಾನ್ ಜೋಡಿಯ ‘ಜೇಡರ ಬಲೆ’ (೧೯೬೮) ರಾಜಕುಮಾರ್ ಅವರನ್ನು ಸಿ.ಐ.ಡಿ. ೯೯೯ ಆಗಿ ತೆರೆಗೆ ತಂದಿತು. ರಾಜೇಂದ್ರಸಿಂಗ್ ಬಾಬು ಅವರ ‘ಅಂತ’ (೧೯೮೧), ಶಂಕರ್‌ನಾಗ್ ಅಭಿನಯದ ‘ಸಾಂಗ್ಲಿಯಾನ’ (೧೯೮೮), ಸುನೀಲ್‌ಕುಮಾರ್ ದೇಸಾಯಿ ಅವರ ‘ತರ್ಕ’ (೧೯೮೯) ಮತ್ತು ‘ನಿಷ್ಕರ್ಷ’ (೧೯೯೩), ಉಪೇಂದ್ರ ಅವರ ‘ಓಂ’ (೧೯೯೫) ಈ ಪರಂಪರೆಯ ಮುಖ್ಯ ಘಟ್ಟಗಳು. ಇವುಗಳ ಕುರಿತ ಚರ್ಚೆ ನಡೆದಾಗಲೆಲ್ಲ ಚಿತ್ರಮಂದಿರವೇ ಅದರ ಕೇಂದ್ರವಾಗಿದೆ. ಆದರೆ ಚಿತ್ರವೊಂದು ಮಂದಿರದಲ್ಲಿ ನಿಲ್ಲುವುದು ಕೆಲವು ವಾರಗಳು ಮಾತ್ರ. ಕಿರುತೆರೆಯಲ್ಲಿ ಅದು ವರ್ಷಗಟ್ಟಲೆ ಮರಳಿ ಮರಳಿ ಬರುತ್ತದೆ. ಹಳ್ಳಿಯ ಬಹುಪಾಲು ನೋಡುಗರಿಗೆ ಸಾಹಸಚಿತ್ರವೆಂದರೆ ಮನೆಯ ಪೆಟ್ಟಿಗೆಯಲ್ಲಿ ಬರುವ ಚಿತ್ರವೇ ಆಗಿದೆ. ಗೌರಿಬಿದನೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ನಗರಗೆರೆಯಂಥ ಗಡಿಸೀಮೆಯಲ್ಲಿ ಈ ವೀಕ್ಷಣೆಗೆ ಇನ್ನೊಂದು ಆಯಾಮವೂ ಸೇರುತ್ತದೆ. ಇಲ್ಲಿ ಕಿರುತೆರೆಯ ನಾಯಕ ಯಾವ ಭಾಷೆಯಲ್ಲಿ ಗರ್ಜಿಸುತ್ತಾನೆ ಎಂಬುದು ಊರಿನ ಭಾಷಾಬದುಕಿಗೇ ಸಂಬಂಧಿಸಿದ ಪ್ರಶ್ನೆ. ಆ ಪ್ರಶ್ನೆಯ ಪರಿಶೀಲನೆ ಪ್ರಸ್ತುತ ಲೇಖನದ ಉದ್ದೇಶ.

೧. ದೃಶ್ಯದಿಂದ ಶ್ರವ್ಯಕ್ಕೆ

ಸಾಹಸಚಿತ್ರವನ್ನು ಕಣ್ಣಿನ ಕಲೆಯೆಂದು ಭಾವಿಸುವುದು ವಾಡಿಕೆ. ಬೆನ್ನಟ್ಟುವಿಕೆ, ಹೊಡೆದಾಟ, ಸ್ಫೋಟ ಇವೆಲ್ಲ ದೊಡ್ಡ ಪರದೆಯನ್ನು ನಂಬಿದ ತಂತ್ರಗಳು. ಕಿರುತೆರೆಗೆ ಬಂದೊಡನೆ ಇವುಗಳ ಗಾತ್ರ ಕುಗ್ಗುತ್ತದೆ. ಕಾನೂನಿನ ಕತ್ತರಿಯೂ ಇಲ್ಲಿ ಕೆಲಸ ಮಾಡುತ್ತದೆ. ವಯಸ್ಕರಿಗೆ ಮಾತ್ರ ಎಂಬ ‘ಎ’ ಪ್ರಮಾಣಪತ್ರದ ಚಿತ್ರಗಳನ್ನು ಇದ್ದಂತೆಯೇ ದೂರದರ್ಶನ ವಾಹಿನಿಗಳಲ್ಲಿ ತೋರಿಸಲಾಗದು ಎಂಬುದು ಬಾಂಬೆ ಹೈಕೋರ್ಟಿನ ಆದೇಶಗಳ ಫಲವಾಗಿ ೨೦೦೬ರ ವೇಳೆಗೆ ಖಚಿತವಾಯಿತು. ಅಂಥ ಚಿತ್ರಗಳು ಕೆಲವು ಭಾಗಗಳನ್ನು ಕಳೆದುಕೊಂಡು ಬೇರೆ ಪ್ರಮಾಣಪತ್ರ ಪಡೆದ ಮೇಲೆಯೇ ಮನೆಗೆ ಬರಬೇಕು. ೨೦೨೩ರ ಸಿನಿಮಾಟೊಗ್ರಾಫ್ ತಿದ್ದುಪಡಿ ಕಾಯ್ದೆಯು ಇಂಥ ಪ್ರತ್ಯೇಕ ಪ್ರಮಾಣಪತ್ರದ ವ್ಯವಸ್ಥೆಯನ್ನು ಶಾಸನದಲ್ಲಿಯೇ ಸೇರಿಸಿತು. ಹೀಗೆ ರಕ್ತ ಮತ್ತು ಕ್ರೌರ್ಯದ ದೃಶ್ಯಗಳು ಕಳಚಿಕೊಂಡಾಗ ಉಳಿಯುವುದು ಮಾತು.

ಮನೆಯಲ್ಲಿ ಚಿತ್ರ ನೋಡುವ ರೀತಿಯೂ ಮಾತಿಗೇ ಒತ್ತು ಕೊಡುತ್ತದೆ. ಅಡುಗೆಮನೆಯಲ್ಲಿದ್ದವರಿಗೆ, ಪಡಸಾಲೆಯಲ್ಲಿ ಕುಳಿತು ಕೈಕೆಲಸ ಮಾಡುವವರಿಗೆ ಚಿತ್ರ ಕಾಣುವುದಕ್ಕಿಂತ ಕೇಳುವುದೇ ಹೆಚ್ಚು. ಥ್ರಿಲ್ಲರ್ ಮಂಜು ನಿರ್ದೇಶನದ ‘ಪೊಲೀಸ್ ಸ್ಟೋರಿ’ (೧೯೯೬) ಇದಕ್ಕೆ ಉತ್ತಮ ನಿದರ್ಶನ. ಅದರಲ್ಲಿ ನಾಯಕ ಅಗ್ನಿಯ ಹೊಡೆತಕ್ಕಿಂತ ಅವನ ಉಸಿರುಗಟ್ಟುವ ದೀರ್ಘ ಸಂಭಾಷಣೆಯೇ ಜನರ ನೆನಪಿನಲ್ಲಿ ಉಳಿಯಿತು. ಆ ಪಾತ್ರ ವಹಿಸಿದ ಸಾಯಿಕುಮಾರ್ ತೆಲುಗಿನಲ್ಲಿ ಸುಮನ್, ರಾಜಶೇಖರ್ ಮೊದಲಾದ ನಟರಿಗೆ ಕಂಠದಾನ ಮಾಡಿ ಹೆಸರಾದವರು. ತೆಲುಗಿನಲ್ಲಿ ತೆರೆಯ ಹಿಂದಿದ್ದ ಧ್ವನಿಯೊಂದು ಕನ್ನಡದಲ್ಲಿ ನಾಯಕನಾಗಿ ತೆರೆಯ ಮೇಲೆ ಬಂದದ್ದು ಎರಡು ಭಾಷೆಗಳ ಸಾಹಸಚಿತ್ರಗಳ ನಡುವಿನ ಆಳವಾದ ಸಂಬಂಧವನ್ನು ಸೂಚಿಸುತ್ತದೆ.

‘ಓಂ’ ಚಿತ್ರದ್ದು ಇದಕ್ಕೆ ವಿರುದ್ಧವಾದ ಕಥೆ. ಬಿಡುಗಡೆಯಾದ ಮೇಲೆ ಸುಮಾರು ಎರಡು ದಶಕಗಳ ಕಾಲ ಅದು ಕಿರುತೆರೆಗೆ ಬರಲಿಲ್ಲ. ಅದರ ಪ್ರಸಾರದ ಹಕ್ಕು ಮಾರಾಟವಾದದ್ದು ೨೦೧೫ರಲ್ಲಿ. ಆ ಅವಧಿಯಲ್ಲಿ ಅದು ನೂರಾರು ಬಾರಿ ಮರುಬಿಡುಗಡೆಗೊಂಡಿತು. ಕಿರುತೆರೆಯಿಂದ ದೂರವಿದ್ದುದು ಅದರ ಚಿತ್ರಮಂದಿರದ ಆಯುಷ್ಯವನ್ನು ಹೆಚ್ಚಿಸಿತೆಂದು ಹೇಳಲು ಅಡ್ಡಿಯಿಲ್ಲ.

೨. ಎರಡು ಭಾಷೆಗಳ ಅಂಗಳ

೨೦೦೭ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆ ಆಂಧ್ರಪ್ರದೇಶಕ್ಕೆ ಅಂಟಿಕೊಂಡಿದೆ. ಗೌರಿಬಿದನೂರು ಸೀಮೆಯಲ್ಲಿ ತೆಲುಗು ಮನೆಮಾತಾಗಿರುವ ಕುಟುಂಬಗಳು ಸಾಕಷ್ಟಿವೆ. ಶಾಲೆ, ಕಚೇರಿ, ಬರವಣಿಗೆಗಳಲ್ಲಿ ಕನ್ನಡ. ಈ ದ್ವಿಭಾಷಿಕತೆ ಇತ್ತೀಚಿನದಲ್ಲ. ಇದೇ ಜಿಲ್ಲೆಯ ಕೈವಾರದ ನಾರೇಯಣ ತಾತಯ್ಯನವರು ತೆಲುಗು ಮತ್ತು ಕನ್ನಡ ಎರಡರಲ್ಲಿಯೂ ತತ್ತ್ವಪದಗಳನ್ನು ರಚಿಸಿದ್ದಾರೆ.

ಗಡಿಯಾಚೆಗಿನ ಹತ್ತಿರದ ಪೇಟೆ ಹಿಂದೂಪುರ. ತೆಲುಗು ಚಿತ್ರರಂಗಕ್ಕೂ ಈ ಊರಿಗೂ ವಿಶೇಷ ನಂಟಿದೆ. ೧೯೮೫, ೧೯೮೯ ಮತ್ತು ೧೯೯೪ರ ಚುನಾವಣೆಗಳಲ್ಲಿ ಇಲ್ಲಿಂದ ವಿಧಾನಸಭೆಗೆ ಆಯ್ಕೆಯಾದವರು ಎನ್.ಟಿ. ರಾಮರಾವ್. ೨೦೧೪ರಿಂದ ಸತತ ಮೂರು ಬಾರಿ ಗೆದ್ದವರು ಅವರ ಮಗ ನಂದಮೂರಿ ಬಾಲಕೃಷ್ಣ. ‘ಸಮರಸಿಂಹಾರೆಡ್ಡಿ’ (೧೯೯೯), ‘ನರಸಿಂಹ ನಾಯ್ಡು’ (೨೦೦೧) ಚಿತ್ರಗಳ ಮೂಲಕ ಫ್ಯಾಕ್ಷನ್ ಚಿತ್ರವೆಂಬ ಪ್ರಕಾರವನ್ನು ಜನಪ್ರಿಯಗೊಳಿಸಿದ ನಟರೂ ಅವರೇ. ರಾಯಲಸೀಮೆಯ ಮನೆತನಗಳ ಹಗೆತನವೇ ಆ ಪ್ರಕಾರದ ವಸ್ತು. ಉಳಿದ ಕರ್ನಾಟಕಕ್ಕೆ ದೂರದ್ದಾದ ಈ ಕಥಾಭೂಮಿ ಗೌರಿಬಿದನೂರಿನ ಗಡಿಯಿಂದಾಚೆಗೇ ಆರಂಭವಾಗುತ್ತದೆ.

೧೯೯೪ರಲ್ಲಿ ಕನ್ನಡದ ಉದಯ ವಾಹಿನಿಯೂ ೧೯೯೫ರಲ್ಲಿ ತೆಲುಗಿನ ಜೆಮಿನಿ ಮತ್ತು ಈಟಿವಿ ವಾಹಿನಿಗಳೂ ಆರಂಭಗೊಂಡವು. ಕೇಬಲ್ ಜಾಲ ಹಳ್ಳಿಗಳನ್ನು ಮುಟ್ಟಿದ ಮೇಲೆ ಗಡಿಸೀಮೆಯ ಕಿರುತೆರೆ ಎರಡು ಭಾಷೆಗಳ ಅಂಗಳವಾಯಿತು. ಒಂದೇ ಸಂಜೆ ಒಂದು ಗುಂಡಿ ಒತ್ತಿದರೆ ಕನ್ನಡದ ಪೊಲೀಸ್ ಅಧಿಕಾರಿ, ಇನ್ನೊಂದಕ್ಕೆ ರಾಯಲಸೀಮೆಯ ನಾಯಕ. ಕನ್ನಡ ಸಾಹಸಚಿತ್ರ ಇಲ್ಲಿ ತನ್ನ ಪ್ರೇಕ್ಷಕನನ್ನು ಪ್ರತಿದಿನವೂ ಹೊಸದಾಗಿ ಗೆಲ್ಲಬೇಕಾಗಿತ್ತು.

೩. ರೀಮೇಕ್ ಎಂಬ ದಾರಿ

೧೯೬೦ರ ದಶಕದ ಚಳವಳಿಯ ಫಲವಾಗಿ ಕನ್ನಡಕ್ಕೆ ಡಬ್ಬಿಂಗ್ ನಿಂತುಹೋಗಿತ್ತು. ಅ.ನ. ಕೃಷ್ಣರಾಯರು, ಮ. ರಾಮಮೂರ್ತಿ ಮೊದಲಾದ ಕನ್ನಡ ಹೋರಾಟಗಾರರು ಅದಕ್ಕೆ ವಿರೋಧವಾಗಿ ನಿಂತಿದ್ದರು. ಅಂದಿನ ಬಡ ಕನ್ನಡ ಚಿತ್ರೋದ್ಯಮದ ಕಲಾವಿದರಿಗೂ ತಂತ್ರಜ್ಞರಿಗೂ ಈ ನಿಲುವು ಆಸರೆಯಾಯಿತೆಂಬುದನ್ನು ಮರೆಯುವಂತಿಲ್ಲ. ಆದರೆ ಡಬ್ಬಿಂಗ್ ಇಲ್ಲದ ಜಾಗವನ್ನು ರೀಮೇಕ್ ತುಂಬಿತು. ತೆಲುಗಿನ ‘ಒಕ್ಕಡು’ ಕನ್ನಡದಲ್ಲಿ ‘ಅಜಯ್’ (೨೦೦೬), ‘ವಿಕ್ರಮಾರ್ಕುಡು’ ಚಿತ್ರ ‘ವೀರ ಮದಕರಿ’ (೨೦೦೯), ‘ಮಿರ್ಚಿ’ ಚಿತ್ರ ‘ಮಾಣಿಕ್ಯ’ (೨೦೧೪) ಆದವು. ಕನ್ನಡದ ‘ಅಪ್ಪು’ (೨೦೦೨) ತೆಲುಗಿನಲ್ಲಿ ‘ಈಡಿಯಟ್’ ಆಗಿ ಹೋದದ್ದೂ ಉಂಟು. ಎರಡನ್ನೂ ನಿರ್ದೇಶಿಸಿದವರು ಪುರಿ ಜಗನ್ನಾಥ್.

ಗಡಿಸೀಮೆಯ ನೋಡುಗನಿಗೆ ರೀಮೇಕ್ ಚಿತ್ರದ ಕಥೆ ಮೊದಲೇ ಗೊತ್ತು. ರೋಚಕ ಚಿತ್ರದ ಜೀವಾಳವಾದ ಕುತೂಹಲ ಅಲ್ಲಿಗೆ ಮುಗಿಯಿತು. ಇದಕ್ಕಿಂತ ಮುಖ್ಯವಾದದ್ದು ನೆಲದ ಪ್ರಶ್ನೆ. ‘ಒಕ್ಕಡು’ ಚಿತ್ರದ ಕರ್ನೂಲು, ಅಲ್ಲಿನ ಕೊಂಡಾರೆಡ್ಡಿ ಬುರುಜು ಕೇವಲ ಹಿನ್ನೆಲೆಯ ಚಿತ್ರಗಳಲ್ಲ. ಪಾತ್ರಗಳ ಹಗೆಗೆ ಅವು ಅರ್ಥ ಕೊಡುತ್ತವೆ. ರೀಮೇಕಿನಲ್ಲಿ ಕಥೆ ಬರುತ್ತದೆ, ಆ ನೆಲದ ಚರಿತ್ರೆ ಬರುವುದಿಲ್ಲ. ಮೂಲವನ್ನು ಬಲ್ಲ ಪ್ರೇಕ್ಷಕನಿಗೆ ಈ ಕೊರತೆ ಎದ್ದು ಕಾಣುತ್ತದೆ.

೪. ಡಬ್ಬಿಂಗ್ ಬಂದ ಮೇಲೆ

೨೦೧೨ರಲ್ಲಿ ‘ಸತ್ಯಮೇವ ಜಯತೇ’ ಕಾರ್ಯಕ್ರಮದ ಕನ್ನಡ ಡಬ್ಬಿಂಗ್‌ಗೆ ತಡೆ ಬಂದಾಗ ವಿವಾದ ಮತ್ತೆ ಬೆಂಕಿ ಹೊತ್ತಿಕೊಂಡಿತು. ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ ೨೦೧೫ರ ಜುಲೈನಲ್ಲಿ ಆದೇಶಿಸಿತು. ೨೦೧೭ರ ಮಾರ್ಚ್‌ನಲ್ಲಿ ಅಜಿತ್ ಅಭಿನಯದ ತಮಿಳು ಚಿತ್ರವೊಂದು ‘ಸತ್ಯದೇವ್ ಐಪಿಎಸ್’ ಎಂಬ ಹೆಸರಿನಲ್ಲಿ ಪ್ರತಿಭಟನೆಗಳ ನಡುವೆ ಬಿಡುಗಡೆಯಾಯಿತು. ಅರ್ಧ ಶತಮಾನದ ತಡೆಯನ್ನು ಮುರಿದದ್ದು ಒಂದು ಪೊಲೀಸ್ ಸಾಹಸಚಿತ್ರ ಎಂಬುದು ಗಮನಾರ್ಹ. ಮುಂದೆ ‘ಸೈರಾ ನರಸಿಂಹಾರೆಡ್ಡಿ’ (೨೦೧೯), ‘ಪುಷ್ಪ’ (೨೦೨೧), ‘ಆರ್‌ಆರ್‌ಆರ್’ (೨೦೨೨) ಕನ್ನಡದಲ್ಲಿಯೂ ಬಂದವು; ಡಬ್ಬಿಂಗ್ ಚಿತ್ರಗಳು ವಾಹಿನಿಗಳ ನಿತ್ಯದ ಸರಕಾದವು.

ಡಬ್ಬಿಂಗ್ ಬೇಕೇ ಬೇಡವೇ ಎಂಬ ವಾದದಲ್ಲಿ ಯಾವ ಕನ್ನಡಕ್ಕೆ ಡಬ್ಬಿಂಗ್ ಎಂಬ ಪ್ರಶ್ನೆ ಹಿಂದೆ ಸರಿಯಿತು. ‘ಪುಷ್ಪ’ ಚಿತ್ರದ ನಾಯಕನ ಮಾತು ಚಿತ್ತೂರು ಸೀಮೆಯ ತೆಲುಗು. ಅವನ ದುಡಿಮೆ, ಜಾತಿ ಅವಮಾನ, ಹಟ ಇವೆಲ್ಲ ಆ ಉಚ್ಚಾರಣೆಯಲ್ಲಿಯೇ ಅಡಕವಾಗಿವೆ. ಚಿತ್ತೂರಿಗೆ ತಾಗಿಕೊಂಡೇ ಕೋಲಾರವಿದೆ. ಆ ತೆಲುಗಿಗೆ ನೆರೆಯ ಕನ್ನಡವೆಂದರೆ ಕೋಲಾರ-ಚಿಕ್ಕಬಳ್ಳಾಪುರ ಸೀಮೆಯ ಆಡುಗನ್ನಡ: ಹಕಾರ ಉದುರಿದ, ‘ಇದೆ’ ಎನ್ನುವಲ್ಲಿ ‘ಐತೆ’ ಎನ್ನುವ, ತೆಲುಗಿನ ಏರಿಳಿತವನ್ನು ಒಳಗೊಂಡ ಕನ್ನಡ. ಆ ಚಿತ್ರದ ಕನ್ನಡ ಗೀತೆಗಳನ್ನು ಬರೆದ ವರದರಾಜ್ ಅವರ ಹೆಸರಿನೊಡನೆ ಚಿಕ್ಕಬಳ್ಳಾಪುರವೂ ಇದೆ. ಆದರೆ ಒಟ್ಟಾರೆಯಾಗಿ ಕಿರುತೆರೆಯ ಡಬ್ಬಿಂಗ್ ಸಂಭಾಷಣೆ ಯಾವ ಊರಿಗೂ ಸೇರದ, ಪುಸ್ತಕದ ಛಾಯೆಯುಳ್ಳ ಕನ್ನಡದತ್ತಲೇ ವಾಲುತ್ತದೆ. ಕೂಲಿಯವನೂ ಮಂತ್ರಿಯೂ ಒಂದೇ ಬಗೆಯಲ್ಲಿ ಮಾತನಾಡುತ್ತಾರೆ.

ಇದಕ್ಕೆ ತಾಂತ್ರಿಕ ಕಾರಣಗಳಿವೆ. ಡಬ್ಬಿಂಗ್ ಬರಹಗಾರ ನಟನ ತುಟಿಯ ಚಲನೆಗೆ ಕಟ್ಟುಬಿದ್ದಿರುತ್ತಾನೆ. ಪ, ಬ, ಮ ಮೊದಲಾದ ಓಷ್ಠ್ಯಾಕ್ಷರಗಳು ಬರುವಲ್ಲಿ ಅಂಥವೇ ಅಕ್ಷರಗಳು ಬೇಕು. ತೆಲುಗಿನ ‘ರಾ’ ಎಂಬ ಸಂಬೋಧನೆ ತೆರೆದ ಬಾಯಿಯಲ್ಲಿ ಮುಗಿಯುತ್ತದೆ. ಕನ್ನಡದ ‘ಕಣೋ’ ತುಟಿಯನ್ನು ದುಂಡಾಗಿಸುತ್ತದೆ. ಕನ್ನಡ, ತೆಲುಗು ಎರಡರಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಕೆಲಸ ಸ್ವಲ್ಪ ಸುಲಭ. ಗಡಿಯ ಆಡುಮಾತನ್ನು ಬಳಸಿದರೆ ಅದು ಇನ್ನಷ್ಟು ಸುಲಭವಾಗಬಹುದು. ಏಕೆಂದರೆ ಆ ಮಾತು ಶತಮಾನಗಳಿಂದ ತೆಲುಗಿನ ಲಯದೊಡನೆ ಹೆಣೆದುಕೊಂಡೇ ಬೆಳೆದಿದೆ. ಅಡ್ಡಿಯಿರುವುದು ಮಾರುಕಟ್ಟೆಯ ಲೆಕ್ಕಾಚಾರದಲ್ಲಿ: ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಧ್ವನಿಮುದ್ರಿಕೆ ಸಲ್ಲಬೇಕು.

ಈ ದೋಷವನ್ನು ಡಬ್ಬಿಂಗಿನ ಮೇಲಷ್ಟೇ ಹೊರಿಸಲಾಗದು. ‘ಕೆ.ಜಿ.ಎಫ್.’ (೨೦೧೮, ೨೦೨೨) ಕೋಲಾರದ ಚಿನ್ನದ ಗಣಿಯ ಹೆಸರನ್ನೇ ಹೊತ್ತ ಸ್ವಂತ ಕನ್ನಡ ಚಿತ್ರ. ೨೦೦೧ರಲ್ಲಿ ಮುಚ್ಚಿದ ಆ ಗಣಿಯ ಕೇರಿಗಳಲ್ಲಿ ಕೇಳಿಬರುತ್ತಿದ್ದುದು ತಮಿಳು, ತೆಲುಗು, ಕನ್ನಡಗಳು ಬೆರೆತ ಮಾತು. ಚಿತ್ರ ಕಲ್ಪಿತ ಲೋಕವನ್ನು ಕಟ್ಟಿಕೊಂಡಿದೆಯೆಂಬುದು ಸರಿಯೇ. ಆದರೂ ಅದರ ನಾಯಕನ ಘನಗಂಭೀರ ಕನ್ನಡದಲ್ಲಿ ಆ ಸೀಮೆಯ ಸದ್ದಿಲ್ಲ. ಕರಾವಳಿಯ ಕನ್ನಡಕ್ಕೆ ‘ಉಳಿದವರು ಕಂಡಂತೆ’ (೨೦೧೪), ‘ಗರುಡ ಗಮನ ವೃಷಭ ವಾಹನ’ (೨೦೨೧) ಚಿತ್ರಗಳಲ್ಲಿ ದೊರೆತ ಗೌರವ ಪೂರ್ವದ ಗಡಿಯ ಕನ್ನಡಕ್ಕೆ ಇನ್ನೂ ದೊರೆತಿಲ್ಲ. ಆ ಚಿತ್ರಗಳಲ್ಲಿ ಪ್ರಾದೇಶಿಕ ಮಾತು ಹಾಸ್ಯದ ಸಾಮಗ್ರಿಯಾಗದೆ ಹಿಂಸೆಯ, ಭಯದ, ಸ್ನೇಹದ ಭಾಷೆಯಾಗಿ ದುಡಿದಿದೆ.

೫. ಸಮಾರೋಪ

ನಗರಗೆರೆಯ ಸೀಮೆಯಲ್ಲಿ ಬೆಳೆಯುವ ಮಗುವಿಗೆ ಹಿಂದೆ ತೆಲುಗು ನಾಯಕ ತೆಲುಗಿನಲ್ಲಿಯೇ ಮಾತನಾಡುತ್ತಿದ್ದ. ಅವನ ಮಾತಿಗೆ ಮಣ್ಣಿನ ವಾಸನೆಯಿತ್ತು, ಕನ್ನಡವಿರಲಿಲ್ಲ. ಈಗ ಅದೇ ನಾಯಕ ಕನ್ನಡದಲ್ಲಿಯೂ ಮಾತನಾಡುತ್ತಾನೆ. ಆದರೆ ಆ ಮಗು ಮನೆಯಲ್ಲಿ, ಬೀದಿಯಲ್ಲಿ ಕೇಳುವ ಕನ್ನಡ ಅದಲ್ಲ. ಮೊದಲನೆಯದು ತನ್ನ ನಾಡಿನ ಭಾಷೆಯಲ್ಲಿ ಶೌರ್ಯಕ್ಕೆ ಅವಕಾಶವಿಲ್ಲವೆಂಬ ಭಾವನೆ ಮೂಡಿಸಿದರೆ, ಎರಡನೆಯದು ತನ್ನ ಊರಿನ ಮಾತು ತೆರೆಗೆ ಯೋಗ್ಯವಲ್ಲವೆಂದು ಕಲಿಸಬಹುದು. ಡಬ್ಬಿಂಗ್ ಕನ್ನಡವನ್ನು ಉಳಿಸುತ್ತದೆ ಎನ್ನುವವರೂ ಅಳಿಸುತ್ತದೆ ಎನ್ನುವವರೂ ಈ ಅಂಶವನ್ನು ಗಮನಿಸಬೇಕಾಗಿದೆ.

ಸಾಹಸಚಿತ್ರದ ಸಂಭಾಷಣೆಯನ್ನು ಸಾಹಿತ್ಯವೆಂದು ಪರಿಗಣಿಸಿ ಅಭ್ಯಾಸ ಮಾಡುವುದು, ಗಡಿಸೀಮೆಯ ದ್ವಿಭಾಷಿಕ ಬರಹಗಾರರನ್ನು ಈ ಕೆಲಸಕ್ಕೆ ತೊಡಗಿಸುವುದು, ಡಬ್ಬಿಂಗ್ ಚಿತ್ರಗಳ ಭಾಷೆಯನ್ನು ಅನುವಾದ ವಿಮರ್ಶೆಯ ಮಾನದಂಡಗಳಿಂದ ಅಳೆಯುವುದು ತುರ್ತಾಗಿ ಆಗಬೇಕಾದ ಕೆಲಸಗಳು. ಎರಡು ಭಾಷೆಗಳಲ್ಲಿ ತತ್ತ್ವಪದ ಹಾಡಿದ ನಾಡಿಗೆ ಎರಡು ಭಾಷೆಗಳನ್ನು ಬಲ್ಲ ಸಂಭಾಷಣಕಾರರ ಕೊರತೆಯಿರಲಾರದು. ಅವರ ಕನ್ನಡಕ್ಕೆ ಕಿರುತೆರೆಯಲ್ಲಿ ಸ್ಥಳ ದೊರೆಯಬೇಕಾಗಿದೆ.